‘ನೋಡೋಣ’ ಅಂದರೆ ಏನು? ಮಾತನ್ನು ಬರೆದಿಟ್ಟು ನಾನು ಕಲಿತದ್ದು

ಭಾಷಾವಿಜ್ಞಾನದ ವ್ಯಾಖ್ಯೆಗಳನ್ನು ತುಂಬಾ ದಿನ ಓದಿದೆ. ಓದುವಾಗ ಎಲ್ಲಾ ಸರಿ ಅನ್ನಿಸುತ್ತಿತ್ತು. ಪುಸ್ತಕ ಮುಚ್ಚಿದರೆ ಒಂದೂ ನಿಲ್ಲುತ್ತಿರಲಿಲ್ಲ. ಕೊನೆಗೆ ಒಂದು ನೋಟ್‌ಬುಕ್ ಹಿಡಿದು ‘ಹೊಡೆ’ ಅನ್ನುವ ಒಂದೇ ಪದದ ಬೆನ್ನು ಹತ್ತಿದೆ.

ಕಿವಿಗೆ ಬಿದ್ದಾಗಲೆಲ್ಲ ಬರೆದುಕೊಂಡೆ. ಗಂಟೆ ಹೊಡೆಯುತ್ತದೆ. ಬಣ್ಣ ಹೊಡೆಯುತ್ತಾರೆ. ಹರಟೆ ಹೊಡೆಯುತ್ತಾರೆ, ನಿದ್ದೆ ಹೊಡೆಯುತ್ತಾರೆ, ಕಣ್ಣು ಹೊಡೆಯುತ್ತಾರೆ. ವಾಸನೆ ಹೊಡೆಯುತ್ತದೆ, ಬಿಸಿಲು ಮುಖಕ್ಕೆ ಹೊಡೆಯುತ್ತದೆ. ಎರಡು ವಾರದಲ್ಲಿ 17 ಬಳಕೆ ಸಿಕ್ಕವು.

ಇವೆಲ್ಲ ಒಂದೇ ಅರ್ಥವೋ, ಬೇರೆ ಬೇರೆಯೋ? ಅದಕ್ಕೊಂದು ಸುಲಭ ಪರೀಕ್ಷೆ ಇದೆ. ಎರಡು ಬಳಕೆಯನ್ನು ಒಂದೇ ಕ್ರಿಯಾಪದಕ್ಕೆ ಕಟ್ಟಿ ನೋಡಬೇಕು. ‘ಗೋಡೆಗೆ ಬಣ್ಣ, ಬಾಗಿಲಿಗೆ ಪಾಲಿಶ್ ಹೊಡೆದ’ ಅನ್ನುವುದು ಸರಾಗವಾಗಿದೆ. ‘ಗೋಡೆಗೆ ಬಣ್ಣ, ಗೆಳೆಯನ ಜೊತೆ ಹರಟೆ ಹೊಡೆದ’ ಅಂದರೆ ನಗು ಬರುತ್ತದೆ, ಅಲ್ವಾ? ನಗು ಬಂದ ಕಡೆ ಅರ್ಥ ಕವಲೊಡೆದಿದೆ ಅಂತ ಗುರುತು ಹಾಕಿಕೊಂಡೆ. ಹೀಗೆ ಒಂದೇ ಪದ ಕವಲೊಡೆಯುವುದು ಪಾಲಿಸೆಮಿ. ‘ಹೊತ್ತು’ ಹಾಗಲ್ಲ. ‘ಹೊತ್ತು ಮುಳುಗಿತು’ ಅನ್ನುವುದರಲ್ಲಿ ಅದು ನಾಮಪದ. ‘ಮೂಟೆ ಹೊತ್ತು ಬಂದ’ ಅನ್ನುವುದರಲ್ಲಿ ‘ಹೊರು’ ಧಾತುವಿನ ರೂಪ. ಎರಡಕ್ಕೂ ನಂಟಿಲ್ಲ, ಸದ್ದು ಮಾತ್ರ ಒಂದಾಗಿದೆ. ಇದು ಹೋಮೊನಿಮಿ. ಈ ಎರಡು ಹೆಸರು ಆಮೇಲೆ ನನಗೆ ಮರೆಯಲೇ ಇಲ್ಲ.

ಪದದಿಂದ ಮಾತಿಗೆ ಬಂದಾಗ ಕಷ್ಟ ಶುರುವಾಯಿತು. ‘ಕೆಲವು ಪುಸ್ತಕ ಓದಿದ್ದೇನೆ’ ಅಂದರೆ ಕೇಳಿದವರು ‘ಎಲ್ಲಾ ಓದಿಲ್ಲ’ ಅಂತ ತಿಳಿಯುತ್ತಾರೆ. ಹಾಗಂತ ನಾನು ಹೇಳಿಲ್ಲ. ‘ಕೆಲವು ಓದಿದ್ದೇನೆ, ನಿಜ ಹೇಳಬೇಕಂದ್ರೆ ಎಲ್ಲಾ ಓದಿದ್ದೇನೆ’ ಅಂತ ಮುಂದುವರಿಸಬಹುದು, ಮಾತು ಕೆಡುವುದಿಲ್ಲ. ಆದರೆ ‘ಮೂರು ಓದಿದ್ದೇನೆ, ಒಂದೂ ಓದಿಲ್ಲ’ ಅನ್ನುವಂತಿಲ್ಲ. ಅಂದರೆ ‘ಎಲ್ಲಾ ಓದಿಲ್ಲ’ ಅನ್ನುವುದು ಹಿಂದಕ್ಕೆ ತೆಗೆದುಕೊಳ್ಳಬಹುದಾದ ಅರ್ಥ. ಭಾಷೆಯ ಬಗ್ಗೆ ಬರೆದ ತತ್ವಜ್ಞಾನಿ ಪಾಲ್ ಗ್ರೈಸ್ ಇದನ್ನು ಇಂಪ್ಲಿಕೇಚರ್ ಅಂತ ಕರೆದರು. 1967ರಲ್ಲಿ ಹಾರ್ವರ್ಡ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಅವರು ಇದನ್ನು ಬಿಡಿಸಿಟ್ಟರು. ಮಾತಾಡುವವರು ಬೇಕಾದಷ್ಟು ಹೇಳುತ್ತಾರೆ, ನಿಜ ಹೇಳುತ್ತಾರೆ, ಸಂಬಂಧಪಟ್ಟದ್ದನ್ನು ಹೇಳುತ್ತಾರೆ, ತಿಳಿಯುವ ಹಾಗೆ ಹೇಳುತ್ತಾರೆ ಅಂತ ನಂಬಿಯೇ ನಾವು ಕೇಳುತ್ತೇವೆ. ಹೇಳದ್ದನ್ನು ಆ ನಂಬಿಕೆಯಿಂದಲೇ ತುಂಬಿಕೊಳ್ಳುತ್ತೇವೆ. (ವಾಚ್ಯಾರ್ಥದ ಆಚೆಗೂ ಅರ್ಥ ಇರುತ್ತದೆ ಅಂತ 9ನೇ ಶತಮಾನದಲ್ಲೇ ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನ ಹೇಳಿದ್ದ. ಅವನ ನೋಟ ಕಾವ್ಯದ ಮೇಲಿತ್ತು, ಗ್ರೈಸ್ ನೋಟ ದಿನದ ಮಾತಿನ ಮೇಲೆ.)

ಇಷ್ಟು ತಿಳಿದ ಮೇಲೂ ಒಂದು ಪದ ನನ್ನನ್ನು ಕಾಡಿತು. ಭಾನುವಾರ ಬರ್ತೀಯಾ ಅಂತ ಫೋನಲ್ಲಿ ಕೇಳಿದ್ದಕ್ಕೆ ಅಕ್ಕ ‘ನೋಡೋಣ’ ಅಂದಳು. ನಾನು ಕಾದೆ, ಅವಳು ಬರಲಿಲ್ಲ. ಬೇಜಾರಾಗಿ ಕೇಳಿದರೆ, ‘ಬರಲ್ಲ ಅಂತ ಅವತ್ತೇ ಹೇಳಿದ್ನಲ್ಲ’ ಅಂದಳು. ಅದೃಷ್ಟಕ್ಕೆ ಆ ಫೋನ್ ಮಾತು ರೆಕಾರ್ಡ್ ಆಗಿತ್ತು. ಅಭ್ಯಾಸಕ್ಕೆ ಅಂತ ಮೊದಲೇ ಅವಳ ಒಪ್ಪಿಗೆ ಕೇಳಿ ಮಾಡಿದ ರೆಕಾರ್ಡಿಂಗ್ ಅದು. ಕೂತು ಬರೆದೆ. ಸಂಭಾಷಣೆಯ ಅಧ್ಯಯನ ಮಾಡಿದ ಗೇಲ್ ಜೆಫರ್ಸನ್, ಮಾತನ್ನು ಬರೆದಿಡಲು ರೂಪಿಸಿದ ಪದ್ಧತಿಯಲ್ಲಿ ಮೌನವನ್ನೂ ಸೆಕೆಂಡಿನ ಲೆಕ್ಕದಲ್ಲಿ ಆವರಣದೊಳಗೆ ಬರೆಯುತ್ತಾರೆ.

ನಾನು: ಭಾನುವಾರ ಬರ್ತೀಯಾ?
(0.8)
ಅಕ್ಕ: ಹೂಂ... ನೋಡೋಣ
ನಾನು: ಸರಿ ಬಿಡು

ಮೌನವನ್ನು ಅಳೆಯಲು ಪ್ರಾಟ್ ಅನ್ನುವ ಉಚಿತ ಸಾಫ್ಟ್‌ವೇರ್ ಬಳಸಿದೆ. 0.8 ಸೆಕೆಂಡ್ ಸಣ್ಣದು ಅನ್ನಿಸಬಹುದು. ಆದರೆ 2009ರಲ್ಲಿ ಪ್ರಕಟವಾದ, ಹತ್ತು ಭಾಷೆಗಳ ಒಂದು ಅಧ್ಯಯನದಲ್ಲಿ, ಪ್ರಶ್ನೆ ಮುಗಿದು ಉತ್ತರ ಶುರುವಾಗಲು ಸರಾಸರಿ ಸುಮಾರು 0.2 ಸೆಕೆಂಡ್ ಹಿಡಿದಿತ್ತು. ಸಾಮಾನ್ಯವಾಗಿ ಒಪ್ಪುವ ಉತ್ತರ ಬೇಗ ಬರುತ್ತದೆ. ಒಲ್ಲೆ ಅನ್ನುವ ಉತ್ತರ ತಡವಾಗಿ, ಮುಂದೆ ಒಂದು ‘ಹೂಂ’ ಇಟ್ಟುಕೊಂಡು ಬರುತ್ತದೆ. ಅಕ್ಕನ ‘ಇಲ್ಲ’ ಆ ಮೌನದಲ್ಲೇ ಇತ್ತು.

ನನ್ನನ್ನು ಜಾಸ್ತಿ ತಡೆದು ನಿಲ್ಲಿಸಿದ್ದು ಮೂರನೇ ಸಾಲು. ‘ಬಿಡು’ ಅಂದವಳು ನಾನೇ. ಅವಳು ಬರುವುದಿಲ್ಲ ಅಂತ ಆ ಕ್ಷಣದಲ್ಲಿ ನನಗೆ ತಿಳಿದಿತ್ತು. ಆಮೇಲೆ ನೆನಪಲ್ಲಿ ಉಳಿದದ್ದು ಬರೀ ಪದ. ಆ ಪದವನ್ನು ನಿಘಂಟಿನ ಅರ್ಥದಲ್ಲಿ ಓದಿಕೊಂಡು ಕಾದಿದ್ದೆ. ಹಾಗಾಗಿ ಈಗ ಯಾವುದೇ ಮಾತಿನ ಅರ್ಥ ಹುಡುಕುವಾಗ ಅದರ ಮುಂದಿನ ಸಾಲನ್ನು ಮೊದಲು ನೋಡುತ್ತೇನೆ. ಕೇಳಿದವರು ಅದನ್ನು ಏನಂತ ತೆಗೆದುಕೊಂಡರು ಅನ್ನುವುದು ಅಲ್ಲಿ ಕಾಣುತ್ತದೆ.

ಅದೇ ರೆಕಾರ್ಡಿಂಗ್‌ನಲ್ಲಿ ಇನ್ನೊಂದು ‘ನೋಡೋಣ’ ಇದೆ. ‘ಆ ಹಳೇ ಫೋಟೋ ನಿನ್ನ ಹತ್ರ ಇದೆಯಾ?’ ಅಂದೆ. ನನ್ನ ಮಾತು ಮುಗಿಯುವ ಮೊದಲೇ ‘ನೋಡೋಣ ಇರು’ ಅಂದಳು. ಹಿಂದೆಯೇ ಡ್ರಾಯರ್ ಎಳೆದ ಸದ್ದು. ಇಲ್ಲಿ ಅದಕ್ಕೆ ‘ಈಗಲೇ ಹುಡುಕುತ್ತೇನೆ’ ಅನ್ನುವ ಅರ್ಥ.

ನೀವೂ ಮಾಡುವುದಾದರೆ ಎರಡು ನಿಮಿಷದ ಮಾತು ಸಾಕು. ನನಗೆ ಒಂದು ನಿಮಿಷದ ಮಾತು ಬರೆಯಲು ಹೆಚ್ಚುಕಡಿಮೆ ಒಂದು ಗಂಟೆ ಬೇಕಾಗುತ್ತದೆ. ಒಪ್ಪಿಗೆ ಕೇಳದೆ ಯಾರ ಮಾತನ್ನೂ ಹಿಡಿಯಬೇಡಿ. ಬರೆಯುವಾಗ ತಿದ್ದಬೇಡಿ. ತೊದಲು, ಅರ್ಧಕ್ಕೆ ಬಿಟ್ಟ ಪದ, ಉಸಿರು, ಎಲ್ಲಾ ಇರಲಿ.

ಬರೆದದ್ದನ್ನು ಅಕ್ಕನಿಗೆ ತೋರಿಸಿದೆ. ಆವರಣದೊಳಗಿನ 0.8ರ ಮೇಲೆ ಬೆರಳಿಟ್ಟು, ‘ಇಷ್ಟು ಹೊತ್ತು ಸುಮ್ನೆ ಇದ್ನಾ ನಾನು?’ ಅಂತ ಕೇಳಿದಳು. ಈಗ ಇಬ್ಬರೂ ಸೇರಿ ‘ಹೂಂ’ಗಳನ್ನು ಗುಡ್ಡೆ ಹಾಕುತ್ತಿದ್ದೇವೆ. ಏರುವ ‘ಹೂಂ’, ಇಳಿಯುವ ‘ಹೂಂ’, ‘ಮುಂದೆ ಹೇಳು’ ಅನ್ನುವ ಗಿಡ್ಡ ‘ಹೂಂ’. ಇಲ್ಲಿಯವರೆಗೆ 43 ಆಗಿವೆ.