ಲಕ್ವಾ ಹೊಡೆದ ಕೈ ಮನೆಗೆಲಸದಲ್ಲಿ ಎಷ್ಟು ಪಾಲು ಹೊರುತ್ತಿದೆ? ನೋಡುವ ಬಗೆ

“ಈಗ ಎಲ್ಲಾ ತಾವೇ ಮಾಡ್ಕೋತಾರ‍್ರೀ” ಎಂದು ಮನೆಯವರು ಹೇಳಿದ ಮಾತ್ರಕ್ಕೆ, ಹುಬ್ಬಳ್ಳಿಯಲ್ಲಿ ಲಕ್ವಾ ರೋಗಿಗಳಿಗೆ ಕೈ ವ್ಯಾಯಾಮ ಮಾಡಿಸುವ ನಾನು ಸಮಾಧಾನ ಪಡುವುದಿಲ್ಲ. ಬಹಳ ಸಲ ಆ ಕೆಲಸಗಳನ್ನೆಲ್ಲ ಸರಿಯಿರುವ ಕೈಯೇ ಮಾಡುತ್ತಿರುತ್ತದೆ, ಸೋತ ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತದೆ.

ಮೊದಲು ಕೆಲಸ ಆರಿಸಿಕೊಳ್ಳಿ. ಅವರು ಹಿಂದೆ ದಿನವೂ ಮಾಡುತ್ತಿದ್ದ, ಎರಡೂ ಕೈ ಬೇಡುವ ನಾಲ್ಕೈದು ಕೆಲಸ ಸಾಕು: ಡಬ್ಬಿಯ ಮುಚ್ಚಳ ತೆಗೆಯುವುದು, ಅಂಗಿಯ ಗುಂಡಿ ಹಾಕುವುದು, ಟವೆಲ್ ಹಿಂಡುವುದು, ಸೀರೆಯ ನಿರಿಗೆ ಹಿಡಿಯುವುದು. ಸ್ಪರ್ಶ ಮಂದವಾಗಿದ್ದರೆ ಚಾಕು, ಬಿಸಿ ಹಂಚು ಬೇಡ.

ಆಮೇಲೆ ಪಾದ ನೆಲಕ್ಕೆ ತಾಗುವಂತೆ ಗಟ್ಟಿ ಕುರ್ಚಿಯಲ್ಲಿ ಕೂಡಿಸಿ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಕೆಲಸ ಮುಗಿಯಿತೇ ಎಂದಲ್ಲ, ಕೈ ಚಾಚುವುದು, ಹಿಡಿಯುವುದು, ಆಡಿಸುವುದು, ಬಿಡುವುದು ಎಂಬ ನಾಲ್ಕನ್ನೂ ಬೇರೆ ಬೇರೆಯಾಗಿ ನೋಡಬೇಕು. ನೀರಿನ ಚರಿಗೆಗೆ ಕೈ ಚಾಚುವಾಗ ಭುಜ ಕಿವಿಯತ್ತ ಏರುತ್ತದೆಯೇ, ಮೊಣಕೈ ಬಿಚ್ಚದೆ ನಡು ಮುಂದಕ್ಕೆ ಬಾಗುತ್ತದೆಯೇ? ಬೆನ್ನಿಗೂ ಕುರ್ಚಿಗೂ ನಡುವೆ ತೆಳುವಾದ ದಿಂಬು ಸಿಗಿಸಿಡಿ. ಅದು ಜಾರಿ ಬಿದ್ದರೆ ಚರಿಗೆಯನ್ನು ಮುಟ್ಟಿಸಿದ್ದು ತೋಳಲ್ಲ, ಬೆನ್ನು. ಬ್ಯಾಡಗಿ ಕಡೆಯ ಒಬ್ಬ ತಾಯಿ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆಂದು ಮನೆಯವರು ಹೆಮ್ಮೆಪಟ್ಟಿದ್ದರು. ಹತ್ತಿರ ಕುಳಿತು ನೋಡಿದೆ: ಬಲಗೈಯ ಹೆಬ್ಬೆರಳು ತೋರುಬೆರಳಿನ ತುದಿಗೆ ಬಾರದೆ ಅದರ ಪಕ್ಕಕ್ಕೆ ಒತ್ತಿಕೊಳ್ಳುತ್ತಿತ್ತು, ತೊಟ್ಟು ಕಿತ್ತಿದ್ದು ಎಡಗೈ, ಕೊನೆಗೆ ಕಾಯಿಯನ್ನು ಬಲಗೈಯಿಂದ ಬಿಡಿಸಿದ್ದೂ ಎಡಗೈಯೇ. ಹಿಡಿತ ಇತ್ತು, ಬಿಡುವುದು ಇರಲಿಲ್ಲ.

ಆದ್ದರಿಂದಲೇ ಅಂಗಡಿಯಲ್ಲಿ ಸಿಗುವ ರಬ್ಬರ್ ಚೆಂಡನ್ನು ದಿನವಿಡೀ ಹಿಚುಕಿಸುವುದು ನನಗೆ ಒಪ್ಪಿಗೆಯಿಲ್ಲ. ಬೆರಳು ಮಡಚಿಕೊಂಡೇ ಬಿಗಿದವರಿಗೆ ಬೇಕಾದದ್ದು ಬೆರಳು ಬಿಚ್ಚುವ ಅಭ್ಯಾಸ.

ನೋಡುವಾಗ ನಿಮ್ಮ ಕೈಯನ್ನು ಹಿಂದೆ ಕಟ್ಟಿಕೊಳ್ಳಿ. ಮಕ್ಕಳು ಪ್ರೀತಿಯಿಂದ ಅರ್ಧಕ್ಕೇ ಕೈ ಹಾಕಿ ಪರೀಕ್ಷೆ ಕೆಡಿಸುತ್ತಾರೆ. ಭುಜ ನೋವೆಂದರೆ ಮಾತ್ರ ತಕ್ಷಣ ನಿಲ್ಲಿಸಿ, ತೋಳನ್ನು ಎಳೆಯಬೇಡಿ.

ಇನ್ನು ಅಂಕ. ಕೆನಡಾದಲ್ಲಿ ರೂಪುಗೊಂಡ ಚೆಡೋಕ್ ಪರೀಕ್ಷೆಯಲ್ಲಿ ಎರಡೂ ಕೈ ಬಳಸುವ 13 ಕೆಲಸಗಳಿದ್ದು, ಸೋತ ಕೈ ಹೊತ್ತ ಪಾಲಿಗೆ ತಕ್ಕಂತೆ ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ ಕೊಡುತ್ತಾರೆ. ಹೀಗಾಗಿ ಒಟ್ಟು ಅಂಕ 13ಕ್ಕಿಂತ ಇಳಿಯದು, 91ಕ್ಕಿಂತ ಏರದು. ಅದನ್ನು ತರಬೇತಾದ ಚಿಕಿತ್ಸಕರಿಗೆ ಬಿಡಿ. ಮನೆಯಲ್ಲಿ ಪಕ್ಕದಿಂದ ಮೊಬೈಲಿನಲ್ಲಿ ಚಿತ್ರೀಕರಿಸಿ, ಎರಡು ವಾರಕ್ಕೊಮ್ಮೆ ಅದೇ ಕೆಲಸ, ಅದೇ ಕುರ್ಚಿ, ಅದೇ ಹೊತ್ತಿನಲ್ಲಿ ಮತ್ತೆ ನೋಡಿ. ದಣಿದ ಸಂಜೆಗಿಂತ ಬೆಳಗಿನ ಹೊತ್ತು ಮೇಲು. ವಹಿಯಲ್ಲಿ “ಸುಧಾರಣೆ ಇದೆ” ಎಂದು ಬರೆದರೆ ನನಗೆ ಏನೂ ತಿಳಿಯದು. “ಚರಿಗೆ ಎತ್ತಿದರು, ದಿಂಬು ಬೀಳಲಿಲ್ಲ, ಸ್ವಲ್ಪ ನೀರು ಚೆಲ್ಲಿತು, ಬೆರಳು ಬಿಡಿಸಲು ಎಡಗೈ ಬೇಕಾಯಿತು” ಎಂದು ಬರೆದು ತನ್ನಿ.