ಎರಡು ತಂತಿಯ ಬಿಗಿಯಲ್ಲಿ ಒಂದು ವಿಮಾನ

ಕಾಸರಗೋಡು ಜಿಲ್ಲೆಯ ಪೈವಳಿಕೆ ಕಡೆಯ ಒಂದು ಪದವು, ಅಂದರೆ ಗುಡ್ಡದ ಮೇಲಿನ ವಿಶಾಲ ಬಯಲು. ಡಿಸೆಂಬರ್ ತಿಂಗಳ ಬೆಳಿಗ್ಗೆ ಏಳು ಗಂಟೆ. ಹುಲ್ಲಿನ ಮೇಲಿನ ಇಬ್ಬನಿ ಇನ್ನೂ ಆರಿರಲಿಲ್ಲ. ಒಂಬತ್ತನೇ ಕ್ಲಾಸಿನ ನನ್ನ ಅಕ್ಕನ ಮಗ ಬಯಲಿನ ನಡುವೆ ನಿಂತು ಮೊದಲ ಸಲ ಹಿಡಿಯನ್ನು ಕೈಗೆ ತೆಗೆದುಕೊಂಡಿದ್ದ. ವಿಮಾನ ನೆಲ ಬಿಟ್ಟದ್ದೇ ತಡ, ಕೂಗಿದ: "ಮಾವಾ, ಇದು ಕೈಯನ್ನೇ ಎಳೀತದೆ!"

ಕಂಟ್ರೋಲ್ ಲೈನ್ ಎಂಬ ಈ ಪುಟ್ಟ ಮಾದರಿ ವಿಮಾನದ ಸುಖ ಇರುವುದು ಆ ಎಳೆತದಲ್ಲೇ. ಇಲ್ಲಿ ರೇಡಿಯೊ ಇಲ್ಲ, ರಿಮೋಟ್ ಇಲ್ಲ. ಎರಡು ಸಪೂರ ಉಕ್ಕಿನ ತಂತಿ, ಒಂದು ಹಿಡಿ, ಅಷ್ಟೇ. ವಿಮಾನ ನಿಮ್ಮ ಸುತ್ತ ವೃತ್ತದಲ್ಲಿ ಹಾರುತ್ತದೆ. ಹಿಡಿಯನ್ನು ಮೇಲಕ್ಕೆ ಓರೆ ಮಾಡಿದರೆ ಮೇಲಿನ ತಂತಿ ಎಳೆಯುತ್ತದೆ, ಮೂತಿ ಏರುತ್ತದೆ. ಕೆಳಕ್ಕೆ ಓರೆ ಮಾಡಿದರೆ ಇಳಿಯುತ್ತದೆ. ತಂತಿ ಬಿಗಿಯಾಗಿದ್ದಷ್ಟು ಹೊತ್ತು ವಿಮಾನ ನಿಮ್ಮದು. ಸಡಿಲವಾಯಿತೋ, ಅದು ಯಾರ ಮಾತನ್ನೂ ಕೇಳುವುದಿಲ್ಲ. ಆದ್ದರಿಂದ ವಿಮಾನ ಕಟ್ಟುವಾಗಲೂ ಹಾರಿಸುವಾಗಲೂ ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ಇದರಿಂದ ತಂತಿ ಬಿಗಿಯಾಗಿ ಉಳಿಯುತ್ತದಾ?

ಅಮೆರಿಕದ ಪೋರ್ಟ್‌ಲೆಂಡ್‌ನ ಜಿಮ್ ವಾಕರ್ ಎಂಬವರು 1940ರ ಹೊತ್ತಿಗೆ ಈ ವಿಧಾನವನ್ನು 'ಯು-ಕಂಟ್ರೋಲ್' ಎಂಬ ಹೆಸರಿನಲ್ಲಿ ಜನರಿಗೆ ಮುಟ್ಟಿಸಿದರು. ಅವರ ಫೈರ್‌ಬಾಲ್ ಮಾದರಿಯನ್ನು ಅಲ್ಲಿನ ಹುಡುಗರು ಮನೆಮನೆಯಲ್ಲಿ ಕಟ್ಟಿದರು. ಆಮೇಲೆ ಬಂತು ಜಾರ್ಜ್ ಆಲ್ಡ್ರಿಚ್ ಅವರ ನೋಬ್ಲರ್. ಕಸರತ್ತಿನ ವಿಮಾನ ಹೇಗಿರಬೇಕು ಎಂಬುದಕ್ಕೆ ಅದನ್ನು ಇವತ್ತಿಗೂ ಮಾದರಿಯಾಗಿ ತೋರಿಸುತ್ತಾರೆ. ಎಲಿವೇಟರ್, ಅಂದರೆ ಬಾಲದಲ್ಲಿ ಆಡುವ ಪಟ್ಟಿ, ಮೇಲೆ ಹೋದಾಗ ರೆಕ್ಕೆಯ ಹಿಂದಿನ ಅಂಚಿನ ಪಟ್ಟಿಯಾದ ಫ್ಲಾಪ್ ಕೆಳಗೆ ಬರುವ ಜೋಡಣೆ ಅದರಲ್ಲಿದೆ. ತಿರುವು ಬಿಗಿಯಾಗಿ, ಚಂದವಾಗಿ ಬರುತ್ತದೆ. ಅಮೆರಿಕದ ಸ್ಪರ್ಧೆಗಳಲ್ಲಿ 'ಕ್ಲಾಸಿಕ್' ಅಂದರೆ 1970ಕ್ಕಿಂತ ಮೊದಲು ರೂಪಿಸಿದ ವಿಮಾನಗಳು. ನಮ್ಮಲ್ಲಿ ಎನ್‌ಸಿಸಿ ಏರ್ ವಿಂಗ್‌ನ ಹುಡುಗರಿಗೆ ಈ ಆಟದ ಪರಿಚಯ ಇದೆ. ನಾನು ಕಲಿತದ್ದೂ ಅಲ್ಲೇ.

ಮೊದಲ ವಿಮಾನ ನೋಬ್ಲರ್ ಆಗುವುದು ಬೇಡ. ಅದನ್ನು ಕಟ್ಟಲಿಕ್ಕೆ ತಿಂಗಳುಗಳು ಬೇಕು, ಒಡೆಯಲಿಕ್ಕೆ ಒಂದು ಸೆಕೆಂಡ್ ಸಾಕು. 'ಪ್ರೊಫೈಲ್' ವಿಮಾನ ಕಟ್ಟಿ. ಅಂದರೆ ಒಡಲು ಒಂದೇ ಚಪ್ಪಟೆ ಹಲಗೆ, ರೆಕ್ಕೆ ಮಾತ್ರ ದಪ್ಪ. ಬಿದ್ದರೂ ಅಂಟು ಹಾಕಿ ಸಂಜೆಯೊಳಗೆ ಪುನಃ ಹಾರಿಸಬಹುದು. ಕೆಳಗಿನ ಅಳತೆಗಳು ನಾವು ಮನೆಯಲ್ಲಿ ಕಟ್ಟಿದ ವಿಮಾನದ್ದು: ರೆಕ್ಕೆಯ ಉದ್ದ 1 ಮೀಟರ್, ಅಗಲ 22 ಸೆಂ.ಮೀ., ಮೂತಿಯಿಂದ ಬಾಲಕ್ಕೆ 75 ಸೆಂ.ಮೀ., ಒಟ್ಟು ತೂಕ ಮುಕ್ಕಾಲು ಕೆಜಿ.

ಮರ ಮತ್ತು ಮಳೆ

ರೆಕ್ಕೆಗೆ ತೀರಾ ಹಗುರವಾದ ಬಾಲ್ಸಾ ಮರವೇ ಬೇಕು. ಪೇಟೆಯ ಹವ್ಯಾಸದ ಅಂಗಡಿಯಿಂದ ತರಿಸಿಕೊಳ್ಳಬೇಕು, ಅದಕ್ಕೆ ಬದಲಿ ಹುಡುಕುತ್ತಾ ಕೂರಬೇಡಿ. ಮೋಟರಿನ ಕಡೆ, ಗಾಲಿಯ ಬುಡ, ಹೀಗೆ ಗಟ್ಟಿ ಬೇಕಾದ ಜಾಗಕ್ಕೆ ಮಾತ್ರ ನಮ್ಮ ಆಚಾರಿಯ ಹತ್ತಿರ ಉಳಿದ ಸಾಗುವಾನಿ ತುಂಡು, 3 ಮಿ.ಮೀ. ಪ್ಲೈವುಡ್ ಧಾರಾಳ ಸಾಕು.

ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ ಸುರಿಯುವ ಊರು ನಮ್ಮದು. ಹಾಗಾಗಿ ಕೆಲಸವನ್ನು ಕಾಲ ನೋಡಿ ಹಂಚಿಕೊಳ್ಳಬೇಕು. ಆಟಿ ತಿಂಗಳಲ್ಲಿ ಹೊರಗೆ ಕಾಲಿಡಲಾಗದೆ ಕೂತಿರುವಾಗ ಮರದ ಕೆಲಸ ಮುಗಿಸಿ. ಹೊದಿಕೆಯ ಕೆಲಸವನ್ನು ಮಳೆ ಬಿಟ್ಟ ಮೇಲೆ ಇಟ್ಟುಕೊಳ್ಳಿ. ಹಳೆಯ ಕ್ರಮದಲ್ಲಿ ತೆಳು ಕಾಗದ ಅಥವಾ ರೇಷ್ಮೆ ಹೊದೆಸಿ 'ಡೋಪ್' ಎಂಬ ವಾರ್ನಿಷ್ ಬಳಿಯುತ್ತಾರೆ. ತೇವದ ಗಾಳಿಯಲ್ಲಿ ಬಳಿದರೆ ಅದು ಮಜ್ಜಿಗೆ ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ನನ್ನ ಎರಡನೇ ವಿಮಾನದ ರೆಕ್ಕೆ ಹಾಗೆಯೇ ಆಗಿ, ಪೂರ್ತಿ ಕಿತ್ತು ಪುನಃ ಹೊದೆಸಬೇಕಾಯಿತು. ಹೊಸಬರಿಗೆ ಇಸ್ತ್ರಿಪೆಟ್ಟಿಗೆಯಿಂದ ಅಂಟಿಸುವ ಪ್ಲಾಸ್ಟಿಕ್ ಹಾಳೆಯೇ ಒಳ್ಳೆಯದು. ಇಸ್ತ್ರಿಪೆಟ್ಟಿಗೆಗೆ ಒಂದು ಹಳೆಯ ಹತ್ತಿಯ ಕಾಲುಚೀಲ ತೊಡಿಸಿದರೆ ಹಾಳೆಗೆ ಗೀರು ಬೀಳುವುದಿಲ್ಲ.

ರೆಕ್ಕೆ

ಪ್ಲೈವುಡ್‌ನಲ್ಲಿ ರೆಕ್ಕೆಯ ಅಡ್ಡಕೊಯ್ತದ ಆಕಾರದ ಎರಡು ಅಚ್ಚು ಕತ್ತರಿಸಿ. 2 ಮಿ.ಮೀ. ಬಾಲ್ಸಾದ ಹನ್ನೆರಡು ತುಂಡುಗಳನ್ನು ಇವುಗಳ ನಡುವೆ ಇಟ್ಟು ಬೋಲ್ಟ್ ಹಾಕಿ ಬಿಗಿದು, ಒಟ್ಟಿಗೇ ಮರಳುಕಾಗದದಲ್ಲಿ ಉಜ್ಜಿ. ಹನ್ನೆರಡೂ ಪಕ್ಕೆಲುಬುಗಳು ಒಂದೇ ತರ ಬರುತ್ತವೆ. ಕಸರತ್ತಿನ ವಿಮಾನದ ರೆಕ್ಕೆ ಮೇಲೂ ಕೆಳಗೂ ಒಂದೇ ಉಬ್ಬಿನದ್ದಾಗಿರಬೇಕು. ಅದು ತಲೆಕೆಳಗಾಗಿಯೂ ಹಾರಬೇಕಲ್ವಾ?

ಸಮತಟ್ಟಾದ ಹಲಗೆಯ ಮೇಲೆ ನಕ್ಷೆ ಹಾಸಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಹಾಕಿ, ಗುಂಡುಸೂಜಿಯಿಂದ ಹಿಡಿಸಿಯೇ ಅಂಟು ಹಾಕಿ. ತಿರುಚಿದ ರೆಕ್ಕೆ ಮಾತ್ರ ಬೇಡವೇ ಬೇಡ. ಬಾಲದ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿ: ಹಿಂದಿನ ಅಂಚೂ ಮುಂದಿನ ಅಂಚೂ ಒಂದಕ್ಕೊಂದು ಸರಿಯಾಗಿ ಕೂರಬೇಕು. ತಿರುಚು ಕಂಡರೆ ಕುದಿಯುವ ನೀರಿನ ಆವಿಗೆ ಹಿಡಿದು, ವಿರುದ್ಧ ದಿಕ್ಕಿಗೆ ಮೆಲ್ಲ ತಿರುಚಿ, ತಣಿಯುವವರೆಗೆ ಹಾಗೆಯೇ ಹಿಡಿದುಕೊಳ್ಳಿ.

ಈಗ ಬಿಗಿಯ ಲೆಕ್ಕ. ವಿಮಾನ ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಹಾಗಾಗಿ ಎಡರೆಕ್ಕೆ ಒಳಗೆ, ಬಲರೆಕ್ಕೆ ಹೊರಗೆ. ಹೊರಗಿನ ರೆಕ್ಕೆ ದೊಡ್ಡ ವೃತ್ತದಲ್ಲಿ ಓಡುವುದರಿಂದ ಅದರ ವೇಗ ಜಾಸ್ತಿ, ಎತ್ತುವ ಬಲವೂ ಜಾಸ್ತಿ. ಸುಮ್ನೆ ಬಿಟ್ಟರೆ ವಿಮಾನ ನಿಮ್ಮ ಕಡೆಗೆ ವಾಲುತ್ತದೆ, ತಂತಿ ಜೋಲು ಬೀಳುತ್ತದೆ. ಇದಕ್ಕೆ ಒಳಗಿನ ರೆಕ್ಕೆಯನ್ನು ಹೊರಗಿನದಕ್ಕಿಂತ 2 ಸೆಂ.ಮೀ. ಜಾಸ್ತಿ ಉದ್ದ ಇಡುತ್ತಾರೆ. ತಂತಿಯ ಭಾರ ಒಳಗಿನ ರೆಕ್ಕೆಯ ಮೇಲೆ ಬೀಳುವುದನ್ನು ಸರಿದೂಗಿಸಲು ಹೊರರೆಕ್ಕೆಯ ತುದಿಯಲ್ಲಿ 20ರಿಂದ 25 ಗ್ರಾಂ ಸೀಸ. ಅದನ್ನು ಸಣ್ಣ ಮುಚ್ಚಳದ ಒಳಗೆ ಹಾಕಿಟ್ಟರೆ ಆಮೇಲೆ ಹೆಚ್ಚುಕಡಿಮೆ ಮಾಡಬಹುದು. ಮೋಟರಿನ ಮೂತಿಯನ್ನೂ ವೃತ್ತದ ಹೊರಕ್ಕೆ 2 ಡಿಗ್ರಿಯಷ್ಟು ತಿರುಗಿಸಿ. ಒಂದು ಬದಿಯ ಸ್ಕ್ರೂಗೆ ವಾಷರ್ ಕೊಟ್ಟರೆ ಸಾಕು.

ಬೆಲ್‌ಕ್ರ್ಯಾಂಕ್

ಇದರಲ್ಲಿ ಅವಸರ ಮಾಡಬೇಡಿ. ಇಡೀ ವಿಮಾನ ನೇತಾಡುವುದು ಈ ಸಣ್ಣ ತ್ರಿಕೋನದ ತುಂಡಿನ ಮೇಲೆ. ಮೂರು ಇಂಚಿನದ್ದು ತೆಗೆದುಕೊಳ್ಳಿ. ರೆಕ್ಕೆಯ ನಡುಭಾಗದಲ್ಲಿ ಪ್ಲೈವುಡ್‌ನ ಪೀಠ ಮಾಡಿ, ರೆಕ್ಕೆಯ ಕಡ್ಡಿಗಳಿಗೆ ಎಪಾಕ್ಸಿ ಎಂಬ ಗಟ್ಟಿ ಅಂಟಿನಿಂದ ಕೂಡಿಸಿ, ಬೋಲ್ಟ್‌ಗೆ ಲಾಕ್‌ನಟ್ ಹಾಕಿ. ಎರಡು ತೋಳುಗಳಿಂದ ಎರಡು ತಂತಿ ಎಡರೆಕ್ಕೆಯ ತುದಿಯ ರಂಧ್ರಗಳ ಮೂಲಕ ಹೊರಗೆ ಬರುತ್ತವೆ. ಮೂರನೇ ತೋಳಿನಿಂದ ಒಂದು ಗಟ್ಟಿ ಕಡ್ಡಿ ಬಾಲದ ಎಲಿವೇಟರ್‌ಗೆ ಹೋಗುತ್ತದೆ. ಈ ಕಡ್ಡಿ 2.5 ಮಿ.ಮೀ. ಪಿಯಾನೊ ತಂತಿ, ಅಂದರೆ ಗಡುಸು ಉಕ್ಕಿನ ತಂತಿ. ನಡುವೆ ಒಂದು ಕಡೆ ಆಧಾರ ಕೊಡಿ. ಇಲ್ಲದಿದ್ದರೆ ಒತ್ತುವಾಗ ಬಿಲ್ಲಿನ ಹಾಗೆ ಬಾಗುತ್ತದೆ. ಆಗ ನೀವು ಕೈಯಲ್ಲಿ ಕೊಟ್ಟದ್ದು ಬಾಲಕ್ಕೆ ಮುಟ್ಟುವುದಿಲ್ಲ.

ಎಲಿವೇಟರ್ ತನ್ನ ಭಾರಕ್ಕೇ ತಾನು ಕೆಳಗೆ ಬೀಳುವಷ್ಟು ಸಲೀಸಾಗಿರಬೇಕು. ವಿಮಾನವನ್ನು ಕೈಯಲ್ಲಿ ಎತ್ತಿ ಓರೆ ಮಾಡಿ ನೋಡಿ, ಗೊತ್ತಾಗುತ್ತದೆ. ಮೊದಲಿಗೆ ಮೇಲೆ 20 ಡಿಗ್ರಿ, ಕೆಳಗೆ 20 ಡಿಗ್ರಿ ಆಡಿದರೆ ಸಾಕು.

ಇನ್ನು ತೂಕದ ನಡು. ರೆಕ್ಕೆಯ ಮುಂದಿನ ಅಂಚಿನಿಂದ 40–45 ಮಿ.ಮೀ. ಹಿಂದೆ ಎರಡು ಬೆರಳಿಟ್ಟು ಎತ್ತಿದರೆ ವಿಮಾನ ಸಮವಾಗಿ ನಿಲ್ಲಬೇಕು. ಬಾಲ ಭಾರವಾದರೆ ಹಾರಿಸಲೇ ಬೇಡಿ. ತಂತಿ ಹೊರಬರುವ ಎರಡು ರಂಧ್ರಗಳ ನಡು ಈ ಜಾಗಕ್ಕಿಂತ 15–20 ಮಿ.ಮೀ. ಹಿಂದೆ ಇರಲಿ. ಆಗ ವಿಮಾನದ ಮೂತಿ ತುಸು ಹೊರಮುಖವಾಗಿ ಇರುತ್ತದೆ, ತಂತಿ ಬಿಗಿಯಾಗುತ್ತದೆ.

ಎಂಜಿನೋ ಮೋಟರೋ

ಗ್ಲೋ ಎಂಜಿನಿನ ಹರಳೆಣ್ಣೆ ಹೊಗೆಯ ವಾಸನೆ ನನಗೆ ಇವತ್ತಿಗೂ ಇಷ್ಟ. ವಿಮಾನ ಮೂತಿ ಎತ್ತಿದಾಗ ಎಂಜಿನಿನ ಗೊರಗೊರ ಸದ್ದು ಒಮ್ಮೆಗೇ ಚುರುಕಾಗಿ, ಸಮಕ್ಕೆ ಬಂದಾಗ ಪುನಃ ಇಳಿಯುತ್ತದೆ. ಆ ಸದ್ದು ಕೇಳಿದವರಿಗೆ ಮರೆಯುವುದಿಲ್ಲ. ಆದರೆ ಅದರ ಇಂಧನ ಮೆಥನಾಲ್, ಹರಳೆಣ್ಣೆ, ಸ್ವಲ್ಪ ನೈಟ್ರೊಮೀಥೇನ್. ಮೆಥನಾಲ್ ವಿಷ. ಹೊತ್ತಿಕೊಂಡರೆ ಹಗಲಿನಲ್ಲಿ ಜ್ವಾಲೆ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಮಕ್ಕಳಿರುವ ಮನೆಯಲ್ಲಿ ಬ್ಯಾಟರಿ ಮೋಟರೇ ಇರಲಿ ಎಂಬುದು ನನ್ನ ಅಭಿಪ್ರಾಯ. ಸುಮಾರು 1,000 ಕೆವಿ (ಇಲ್ಲಿ ಕೆವಿ ಅಂದರೆ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ) ಬ್ರಷ್‌ಲೆಸ್ ಮೋಟರ್, ಅದರ ವೇಗ ನಿಯಂತ್ರಿಸುವ 30 ಆಂಪಿಯರ್ ಇಎಸ್‌ಸಿ, 3 ಸೆಲ್‌ನ 1,500 ಎಂಎಎಚ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ, 9 ಇಂಚಿನ ಪ್ರೊಪೆಲ್ಲರ್. ಜೊತೆಗೆ ಮೂರೂವರೆ ನಿಮಿಷಕ್ಕೆ ತಾನಾಗಿ ನಿಲ್ಲಿಸುವ ಟೈಮರ್. ಬ್ಯಾಟರಿ ಒಡಲಿನ ಹೊರಬದಿಗೆ ಬರಲಿ. ಅದನ್ನು ಹಿಂದೆಮುಂದೆ ಸರಿಸಿಯೇ ತೂಕದ ನಡುವನ್ನು ಹೊಂದಿಸಬಹುದು. ಬ್ಯಾಟರಿ ಜೋಡಿಸಿದ ಮೇಲೆ ಪ್ರೊಪೆಲ್ಲರ್ ಎದುರು ಯಾರ ಕೈಯೂ ಮುಖವೂ ಬರಬಾರದು.

ತಂತಿ

0.3 ಮಿ.ಮೀ. ದಪ್ಪದ, ಹಲವು ಎಳೆ ಹೆಣೆದ ಉಕ್ಕಿನ ತಂತಿ, ತಲಾ 15.5 ಮೀಟರ್. ಸಮುದ್ರ ಹತ್ತಿರವಿರುವ ನಮ್ಮೂರಲ್ಲಿ ಗಾಳ ಹಾಕುವ ನೈಲಾನ್ ದಾರ ಸುಲಭಕ್ಕೆ ಸಿಗುತ್ತದೆ, ಆದರೆ ಅದು ರಬ್ಬರಿನಂತೆ ಹಿಗ್ಗುತ್ತದೆ. ಬೇಡ. ತಂತಿಗೆ ಗಂಟು ಹಾಕಬಾರದು, ಗಂಟಿನ ಜಾಗದಲ್ಲೇ ತುಂಡಾಗುತ್ತದೆ. ತುದಿಯನ್ನು ಸಣ್ಣ ಕುಣಿಕೆ ಮಾಡಿ, ಸಪೂರ ತಾಮ್ರದ ತಂತಿಯಿಂದ ಒತ್ತೊತ್ತಾಗಿ ಸುತ್ತಿ ಬಿಗಿಯಿರಿ. ಎರಡೂ ತಂತಿ ಕೂದಲಿನಷ್ಟೂ ಹೆಚ್ಚುಕಡಿಮೆ ಇಲ್ಲದೆ ಒಂದೇ ಉದ್ದ ಇರಲಿ.

ಈ ತಂತಿಯಲ್ಲಿ ಒಂದು ಸುತ್ತು ಅಂದರೆ ಸುಮಾರು 97 ಮೀಟರ್. 4.8 ಸೆಕೆಂಡಿನಲ್ಲಿ ಸುತ್ತು ಮುಗಿದರೆ ವೇಗ ಗಂಟೆಗೆ 73 ಕಿ.ಮೀ. ಆಗ ಮುಕ್ಕಾಲು ಕೆಜಿಯ ವಿಮಾನ 2 ಕೆಜಿ ಭಾರದಷ್ಟು ಕೈ ಎಳೆಯುತ್ತದೆ. ನನ್ನ ಅಳಿಯ ಕೂಗಿದ್ದು ಅದಕ್ಕೇ. ಹಾರಿಸುವ ಮೊದಲು ಪ್ರತಿ ದಿನ ವಿಮಾನದ ತೂಕದ ಹತ್ತು ಪಟ್ಟು, ಅಂದರೆ ಏಳೂವರೆ ಕೆಜಿಯಷ್ಟು, ಎಳೆದು ಪರೀಕ್ಷಿಸಿ. ಸಹಾಯಕ ವಿಮಾನವನ್ನು ಹಿಡಿದುಕೊಳ್ಳಲಿ, ನೀವು ಹಿಡಿಗೆ ತೂಕದ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಿರಿ. ಹಿಡಿಯನ್ನು ಮಣಿಕಟ್ಟಿಗೆ ಗಟ್ಟಿ ಪಟ್ಟಿಯಿಂದ ಕಟ್ಟಿಕೊಳ್ಳದೆ ಹಾರಿಸಬಾರದು.

ಜಾಗ

ಸುಗ್ಗಿ ಕೊಯ್ದ ಗದ್ದೆ ಮೆತ್ತಗಿರುತ್ತದೆ, ಬಿದ್ದರೆ ವಿಮಾನ ಉಳಿಯುತ್ತದೆ. ಆದರೆ ಹುಣಿಗಳಿಗೆ, ಅಂದರೆ ಗದ್ದೆಯ ಬದುಗಳಿಗೆ, ತಂತಿ ಸಿಕ್ಕಿಕೊಳ್ಳುತ್ತದೆ, ನಮ್ಮ ಗದ್ದೆಗಳು ಅಷ್ಟು ಅಗಲವೂ ಇಲ್ಲ. ನನ್ನ ಆಯ್ಕೆ ಪದವು. 60 ಮೀಟರ್ ಅಗಲದ ಬಯಲು, ನಡುವೆ ನಡೆದು ನೋಡಿದಾಗ ಕಾಲಿಗೆ ಎಡವುವ ಮುರಕಲ್ಲು ಇರಬಾರದು. ಜಾಗದವರ ಒಪ್ಪಿಗೆ ಕೇಳಿ. ನೋಡಲು ಬಂದವರು ವೃತ್ತದಿಂದ 10 ಮೀಟರ್ ಹೊರಗೆ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಹತ್ತಿರ ಕರೆಂಟಿನ ಲೈನ್ ಇದ್ದರೆ ಅಲ್ಲಿ ಹಾರಿಸಲೇಬೇಡಿ. ನಿಮ್ಮ ಕೈಯಲ್ಲಿರುವುದು ಉಕ್ಕಿನ ತಂತಿ. 11 ಕೆವಿ (11,000 ವೋಲ್ಟ್) ಲೈನಿಗೆ ತಾಗಿದರೆ ಜೀವ ಹೋಗುತ್ತದೆ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲೂ ಅಕ್ಟೋಬರ್-ನವೆಂಬರಿನ ತುಲಾ ಮಳೆಯ ದಿನಗಳಲ್ಲೂ ದೂರದಲ್ಲಿ ಗುಡುಗು ಕೇಳಿದ ಕೂಡಲೇ ತಂತಿ ಸುತ್ತಿಡಿ.

ಹೊತ್ತು ಬೆಳಿಗ್ಗೆ ಏಳರಿಂದ ಒಂಬತ್ತು. ಆಮೇಲೆ ಕಡಲಗಾಳಿ ಏಳುತ್ತದೆ.

ಮೊದಲ ಸುತ್ತು

ಹಿಡಿಯನ್ನು ಮೇಲೆ ಓರೆ ಮಾಡಿ, ಎಲಿವೇಟರ್ ಮೇಲೆ ಹೋಯಿತೇ ನೋಡಿ. ಪ್ರತಿ ಸಲ ನೋಡಿ. ತಂತಿಯನ್ನು ಅದಲುಬದಲು ಸಿಕ್ಕಿಸಿ ಮೊದಲ ಸೆಕೆಂಡಿನಲ್ಲೇ ನೆಲಕ್ಕೆ ಹೊಡೆದ ವಿಮಾನಗಳನ್ನು ನಾನು ಕಂಡಿದ್ದೇನೆ. ಗಾಳಿ ನಿಮ್ಮ ಬೆನ್ನಿಗೆ ಬೀಳುವಂತೆ ನಿಂತು, ವಿಮಾನವನ್ನು ಎದುರಿನ ಬದಿಯಲ್ಲಿ ಇಡಿಸಿ. ಆಗ ಗಾಳಿಯೇ ಅದನ್ನು ಹೊರಕ್ಕೆ ತಳ್ಳಿ ತಂತಿಯನ್ನು ಬಿಗಿ ಮಾಡುತ್ತದೆ. ಮುಂದೆ ಕಸರತ್ತುಗಳನ್ನು ಮಾಡುವುದೂ ಇದೇ ಬದಿಯಲ್ಲಿ.

ತೋಳನ್ನು ಚಾಚಿ ಹಿಡಿಯಿರಿ. ಮೊದಮೊದಲು ಮಣಿಕಟ್ಟನ್ನು ಆಡಿಸಬೇಡಿ, ಇಡೀ ತೋಳನ್ನು ಹೆಗಲಿನಿಂದ ಮೆಲ್ಲ ಎತ್ತಿ ಇಳಿಸಿ. ಕಣ್ಣು ವಿಮಾನದ ಮೇಲೆಯೇ ಇರಲಿ. ಸುತ್ತಲಿನ ಗುಡ್ಡೆ, ಮರ ನೋಡಿದರೆ ತಲೆ ತಿರುಗುತ್ತದೆ. ಎರಡು ಮೀಟರ್ ಎತ್ತರದಲ್ಲಿ ಸುಮ್ನೆ ಸುತ್ತು ಹಾಕಿ. ಮೊದಲ ಹತ್ತು ಹಾರಾಟಕ್ಕೆ ಅಷ್ಟೇ ಸಾಕು. ತಂತಿ ಸಡಿಲವಾದ ಹಾಗೆ ಕಂಡರೆ ಹಿಡಿಯನ್ನು ಜಗ್ಗಬೇಡಿ, ವಿಮಾನದಿಂದ ದೂರಕ್ಕೆ ಬೇಗ ಎರಡು ಹೆಜ್ಜೆ ಹಿಂದೆ ಹೋಗಿ. ಮೋಟರ್ ನಿಂತ ಮೇಲೆ ಇಳಿಯುವಾಗಲೂ ಇದೇ ಉಪಾಯ.

ಕಸರತ್ತಿನಲ್ಲಿ ಮೊದಲನೆಯದು ವಿಂಗ್‌ಓವರ್. ನೇರ ಮೇಲೆ ಹೋಗಿ, ನಿಮ್ಮ ತಲೆಯ ಮೇಲಿನಿಂದ ದಾಟಿ, ಆಚೆ ಬದಿಯಲ್ಲಿ ಇಳಿಯುವುದು. ಆಮೇಲೆ ಒಳಲೂಪ್, ಅಂದರೆ ಮೂತಿಯನ್ನು ಎತ್ತುತ್ತಲೇ ಹೋಗಿ ಒಂದು ಪೂರ್ತಿ ಪಲ್ಟಿ ಹಾಕಿಸುವುದು. ಮೇಲೆ ಏರುವ ಹೊತ್ತಿಗೆ ಸ್ವಲ್ಪ ಎತ್ತರ ಇಟ್ಟುಕೊಂಡೇ ಶುರು ಮಾಡಿ. ಸ್ಪರ್ಧೆಯಲ್ಲಿ ಲೂಪಿನ ತಳ ನೆಲದಿಂದ ಒಂದೂವರೆ ಮೀಟರ್ ಎತ್ತರಕ್ಕೆ ಬರಬೇಕು, ನೆತ್ತಿಯಲ್ಲಿ ತಂತಿ 45 ಡಿಗ್ರಿ ಓರೆಯಾಗಿರಬೇಕು. ನಿಮಗೆ ಸದ್ಯಕ್ಕೆ ಮೂರು ಮೀಟರಿನ ತಳ ಇರಲಿ.

ಕಷ್ಟ ಇರುವುದು ತಲೆಕೆಳಗಿನ ಹಾರಾಟದಲ್ಲಿ. ಅಲ್ಲಿ ಹಿಡಿಯ ಮೇಲು ವಿಮಾನಕ್ಕೆ ಕೆಳಗು. ಬುದ್ಧಿಗೆ ಗೊತ್ತಿದ್ದರೂ ಕೈಗೆ ಗೊತ್ತಿರುವುದಿಲ್ಲ. ನನ್ನ ಅಳಿಯ ಇದಕ್ಕೆ ರಟ್ಟಿನ ಪುಟ್ಟ ವಿಮಾನವನ್ನು ಕೋಲಿನ ತುದಿಗೆ ತಲೆಕೆಳಗಾಗಿ ಸಿಕ್ಕಿಸಿ, ಒಂದು ತಿಂಗಳು ಅಂಗಳದಲ್ಲಿ ಸುತ್ತಿದ. ಒಣಗಲು ಹಾಕಿದ ಅಡಿಕೆ ಅಂಗಳವನ್ನು ತುಂಬಿದಾಗ ಹಟ್ಟಿಯ ಎದುರಿಗೆ ಹೋದ. "ಮೇಲೆ ಬೇಕಾದ್ರೆ ಕೆಳಗೆ, ಕೆಳಗೆ ಬೇಕಾದ್ರೆ ಮೇಲೆ" ಎಂದು ಬಾಯಲ್ಲಿ ಹೇಳುತ್ತಲೇ ಇದ್ದ. ಪದವಿನಲ್ಲಿ ಮೊದಲ ಸಲ ನಾಲ್ಕು ಸುತ್ತು ತಲೆಕೆಳಗೆ ಹಾರಿಸಿದ ದಿನ ಅವನ ಬಾಯಿ ಮುಚ್ಚಿತ್ತು, ತೋಳು ತಾನಾಗಿ ಆಡುತ್ತಿತ್ತು.

ಹಾರಾಟ ಮುಗಿದ ಮೇಲೆ ತಂತಿಯನ್ನು ಹಾಗೆಯೇ ಮಡಚಿ ಚೀಲಕ್ಕೆ ತುರುಕಬೇಡಿ. ಒಮ್ಮೆ ಸೊಟ್ಟ ಮಡಿಕೆ ಬಿದ್ದ ತಂತಿ ಪುನಃ ಬಳಸಲಿಕ್ಕೆ ಬರುವುದಿಲ್ಲ. ನಮ್ಮ ಉಪ್ಪುಗಾಳಿಗೆ ವಾರದಲ್ಲೇ ತುಕ್ಕೂ ಹಿಡಿಯುತ್ತದೆ. ಹೊಲಿಗೆಮೆಷಿನಿನ ಎಣ್ಣೆ ಹಚ್ಚಿದ ಬಟ್ಟೆಯನ್ನು ಎರಡು ಬೆರಳಿನ ನಡುವೆ ಹಿಡಿದು, 15 ಮೀಟರ್ ಉದ್ದಕ್ಕೂ ಒರೆಸುತ್ತಾ ಬನ್ನಿ. ಎಲ್ಲಾದರೂ ಒಂದು ಎಳೆ ಬಿಚ್ಚಿದ್ದರೆ ಬೆರಳಿಗೆ ಚುಚ್ಚುತ್ತದೆ. ಆ ತಂತಿಯನ್ನು ಅಲ್ಲೇ ಬಿಸಾಡಿ, ಹೊಸದು ಹಾಕಿ. ಚುಚ್ಚಲಿಲ್ಲವಾದರೆ ಅಂಗೈ ಅಗಲದ ರೀಲಿಗೆ ಎರಡನ್ನೂ ಒಟ್ಟಿಗೆ ಸುತ್ತಿ, ಅಟ್ಟದಲ್ಲಿ ಒಲೆಯ ಬಿಸಿ ತಾಗುವ ಕಡೆ ನೇತು ಹಾಕಿ.