ವಯಸ್ಸು ಕೇಳಬೇಡಿ, ಕಾರ್ಡ್ ಕೇಳಿ

ಸಿಗರೇಟು ಮಾರುವ ಯಾವ ಅಂಗಡಿಯ ಪಕ್ಕದಲ್ಲಾದರೂ ಸ್ವಲ್ಪ ಹೊತ್ತು ನಿಂತು ನೋಡಿ. "ವಯಸ್ಸೆಷ್ಟಪ್ಪಾ?" ಎಂದು ಅಂಗಡಿಯವರು ಕೇಳುತ್ತಾರೆ. "ಇಪ್ಪತ್ತೆರಡು ಅಣ್ಣಾ" ಎನ್ನುತ್ತಾನೆ ಮೀಸೆ ಕೂಡ ಸರಿಯಾಗಿ ಮೂಡದ ಹುಡುಗ. ಇವರು ಕೊಡುತ್ತಾರೆ, ಅವನು ತಗೊಂಡು ಹೋಗುತ್ತಾನೆ. ಕೇಳಿದ್ದೀನಲ್ಲ, ಇನ್ನು ತಪ್ಪು ಅವನದ್ದೇ ಎಂಬ ಧೈರ್ಯ ಅಂಗಡಿಯವರಿಗೆ. ಕಾನೂನು ಹಾಗೆ ಹೇಳುವುದಿಲ್ಲ. ಕೊಂಡವರಿಗೆ ಕಾನೂನು ಹೇಳುವಷ್ಟು ವಯಸ್ಸಾಗಿತ್ತು ಎಂದು ತೋರಿಸುವ ಹೊಣೆ ಮಾರಿದವರ ತಲೆ ಮೇಲೆಯೇ ಇದೆ. ಅನುಮಾನ ಬಂದರೆ ದಾಖಲೆ ಕೇಳುವ ಅಧಿಕಾರವನ್ನೂ ನಿಯಮವೇ ಕೊಟ್ಟಿದೆ. ಅದನ್ನು ಬಳಸುವವರು ಮಾತ್ರ ಕಡಿಮೆ.

ಬೀಡಾ ಅಂಗಡಿ, ಕಿರಾಣಿ ಅಂಗಡಿ, ವೈನ್ ಶಾಪ್, ಹಾರ್ಡ್‌ವೇರ್ ಅಂಗಡಿ, ಯಾವುದೇ ಇರಲಿ, ಗಲ್ಲಾದ ಹಿಂದೆ ಕೂರುವವರು ಮಾಡಬೇಕಾದ್ದು ಇಷ್ಟು.

ಹಂತ 1: ಯಾವುದಕ್ಕೆ ಎಷ್ಟು ವಯಸ್ಸು ಎಂದು ಬರೆದಿಟ್ಟುಕೊಳ್ಳಿ

ತಂಬಾಕಿಗೆ ಕರ್ನಾಟಕದಲ್ಲಿ ಈಗ 21. ದೇಶಕ್ಕೆಲ್ಲ ಅನ್ವಯವಾಗುವ 2003ರ ಕೋಟ್ಪಾ, ಅಂದರೆ ತಂಬಾಕು ನಿಯಂತ್ರಣ ಕಾಯ್ದೆಯಲ್ಲಿ 18 ಎಂದಿತ್ತು. ನಮ್ಮ ರಾಜ್ಯ 2024ರಲ್ಲಿ ಅದಕ್ಕೆ ತಿದ್ದುಪಡಿ ತಂದಿತು, ರಾಷ್ಟ್ರಪತಿಗಳ ಅಂಕಿತ ಬಿದ್ದು 2025ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಅದೇ ತಿದ್ದುಪಡಿಯಲ್ಲಿ ಬಿಡಿ ಸಿಗರೇಟು ಮಾರಾಟವೂ ನಿಂತಿತು. ಹಾಗಾಗಿ "ಒಂದೇ ಒಂದು ಕೊಡಣ್ಣ" ಎಂದವರಿಗೆ ಅರವತ್ತು ವರ್ಷವಾಗಿದ್ದರೂ ಕೊಡುವಂತಿಲ್ಲ. ಕೊಟ್ಟರೆ ಪ್ಯಾಕ್, ಇಲ್ಲದಿದ್ದರೆ ಇಲ್ಲ.

ಮದ್ಯದ ವಿಷಯದಲ್ಲಿ ಒಂದು ಗೊಂದಲ ಹಳೆಯದು. 1965ರ ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ 18 ಎಂದಿದೆ. 1967ರ ಲೈಸೆನ್ಸ್ ನಿಯಮಗಳಲ್ಲಿ 21 ಎಂದಿದೆ. 2023ರ ಜನವರಿಯಲ್ಲಿ ನಿಯಮವನ್ನೂ 18ಕ್ಕೆ ಇಳಿಸುವ ಕರಡು ಹೊರಬಂತು. ವಿರೋಧ ಬಂದ ಮೇಲೆ ಸರ್ಕಾರ ಅದನ್ನು ಕೈಬಿಟ್ಟಿತು. ಸುದ್ದಿಯ ಮೊದಲರ್ಧವನ್ನು ಮಾತ್ರ ಓದಿದ ಎಷ್ಟೋ ಜನ "ಈಗ ಹದಿನೆಂಟಾಯ್ತಲ್ಲ" ಎಂದು ವಾದಿಸುತ್ತಾರೆ. ವಾದ ಮಾಡುತ್ತಾ ಕೂರಬೇಡಿ. ನಿಮ್ಮ ಲೈಸೆನ್ಸ್ ನಡೆಯುವುದು ನಿಯಮದ ಮೇಲೆ. 21 ಎಂದು ಇಟ್ಟುಕೊಳ್ಳಿ.

ಇ-ಸಿಗರೇಟಿಗೆ ವಯಸ್ಸಿನ ಲೆಕ್ಕವೇ ಇಲ್ಲ. 2019ರ ಕಾಯ್ದೆಯ ಪ್ರಕಾರ ಯಾರಿಗೂ ಮಾರುವಂತಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. "ಇದು ಹರ್ಬಲ್, ನಿಕೋಟಿನ್ ಇಲ್ಲ" ಎಂದು ಪೆನ್ನಿನ ಆಕಾರದ ಡಬ್ಬಿ ತಂದು ತೋರಿಸುವ ಸೇಲ್ಸ್‌ನವರು ಬಂದರೆ ಬಾಗಿಲಲ್ಲೇ ಕಳಿಸಿ. ನಿಕೋಟಿನ್ ಇರಲಿ ಬಿಡಲಿ, ಆ ಕಾಯ್ದೆ ಎರಡಕ್ಕೂ ಅನ್ವಯಿಸುತ್ತದೆ.

ಆಸಿಡ್ 18. ಹಾರ್ಡ್‌ವೇರ್ ಅಂಗಡಿಯವರು ಇದನ್ನು ಮರೆತೇಬಿಟ್ಟಿರುತ್ತಾರೆ. 2013ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಂತೆ ಕೊಳ್ಳುವವರ ಫೋಟೊ ಇರುವ ಸರ್ಕಾರಿ ಗುರುತಿನ ಚೀಟಿ ನೋಡಬೇಕು. ವಿಳಾಸ ಮತ್ತು ಯಾತಕ್ಕೆ ಬೇಕು ಎಂಬುದನ್ನು ಪುಸ್ತಕದಲ್ಲಿ ಬರೆಯಬೇಕು.

ಪಂಕ್ಚರ್ ಹಾಕುವ ಸೊಲ್ಯೂಷನ್, ಥಿನ್ನರ್, ವೈಟ್ನರ್ ಇವನ್ನು ಒಂಟಿಯಾಗಿ ಬಂದ ಮಕ್ಕಳಿಗೆ ಕೊಡಲೇಬೇಡಿ ಎಂಬುದು ನನ್ನ ಮಾತು. ನಿಮಗೆ ಸಿಗುವ ಲಾಭ ಒಂದೆರಡು ರೂಪಾಯಿ. ಮೂಸಿ ನೋಡುವ ಚಟ ಹತ್ತಿದ ಮಗುವನ್ನು ನೋಡಿದವರು ನನ್ನ ಜೊತೆ ಜಗಳಕ್ಕೆ ಬರುವುದಿಲ್ಲ.

ಹಂತ 2: ಬೋರ್ಡು

21 ತುಂಬದವರಿಗೆ ತಂಬಾಕು ಮಾರುವಂತಿಲ್ಲ ಎಂದು ಹೇಳುವ ಬೋರ್ಡು ಬೇಕು. ಕನಿಷ್ಠ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, ಎದ್ದು ಕಾಣುವ ಜಾಗ, ಕನ್ನಡದಲ್ಲಿ. "ಹದಿನೆಂಟು" ಎಂದು ಬರೆದ ಹಳೇ ಬೋರ್ಡು ಇನ್ನೂ ನೇತಾಡುತ್ತಿದ್ದರೆ ಇವತ್ತೇ ಇಳಿಸಿ. ಸೇಲ್ಸ್‌ನವರು ಪುಕ್ಕಟೆ ಕೊಡುವ ಅಂಗೈಯಗಲದ ಸ್ಟಿಕ್ಕರ್ ಬೋರ್ಡಿಗೆ ಸಮವಲ್ಲ. ಮಗುವಿಗೆ ಮದ್ಯ, ತಂಬಾಕು ಕೊಡುವುದು ಏಳು ವರ್ಷದವರೆಗೆ ಜೈಲಾಗುವ ಅಪರಾಧ ಎಂದು ಹೇಳುವ ಇನ್ನೊಂದು ಫಲಕವನ್ನೂ ಬಾಲನ್ಯಾಯ ನಿಯಮಗಳು ಕೇಳುತ್ತವೆ. ಅದನ್ನು ಹಾಕಿರುವ ಅಂಗಡಿಗಳು ತೀರಾ ಅಪರೂಪ.

ಹಂತ 3: ಅಂಗಡಿ ಎಲ್ಲಿದೆ, ಒಳಗೆ ಯಾರಿದ್ದಾರೆ

ಶಾಲೆ, ಕಾಲೇಜಿನಿಂದ 100 ಮೀಟರ್ ಒಳಗೆ ತಂಬಾಕು ಮಾರುವಂತಿಲ್ಲ. ಅಳತೆ ಶುರುವಾಗುವುದು ಕಾಂಪೌಂಡ್ ಗೋಡೆಯಿಂದ, ಗೇಟಿನಿಂದಲ್ಲ. ಗೇಟು ಆ ಕಡೆ ರಸ್ತೆಯಲ್ಲಿದೆ ಎಂಬ ನೆಪ ನಡೆಯುವುದಿಲ್ಲ.

ಒಳಗಿನ ವಿಷಯ ಇನ್ನೂ ಸೂಕ್ಷ್ಮ. ಮಧ್ಯಾಹ್ನ ಊಟಕ್ಕೆ ಹೋಗುವಾಗ ಮಗನನ್ನೋ ಮಗಳನ್ನೋ ಗಲ್ಲಾದಲ್ಲಿ ಕೂರಿಸಿ ಹೋಗುವವರು ಬೇಕಾದಷ್ಟಿದ್ದಾರೆ. 18 ತುಂಬದವರು ತಂಬಾಕನ್ನು ಮಾರುವುದಿರಲಿ, ಕೈಯಲ್ಲಿ ಎತ್ತಿ ಕೊಡುವಂತೆಯೂ ಇಲ್ಲ. ಆ ಅರ್ಧ ಗಂಟೆ ತಂಬಾಕಿನ ಶೆಲ್ಫಿಗೆ ಬೀಗ ಹಾಕಿ. ಮಿಕ್ಕ ಸಾಮಾನು ಮಕ್ಕಳೇ ಕೊಡಲಿ. ಹಾಗೆಯೇ ಪ್ಯಾಕುಗಳನ್ನು ಚಾಕೊಲೇಟ್ ಡಬ್ಬಿಯ ಪಕ್ಕ, ಮಕ್ಕಳ ಕೈಗೆ ಎಟುಕುವಲ್ಲಿ ಇಡಬೇಡಿ.

ಹಂತ 4: ಕಾರ್ಡ್ ಕೇಳುವುದು, ನೋಡುವುದು, ಲೆಕ್ಕ ಹಾಕುವುದು

ಕೆಲಸ ಕೆಡುವುದು ಇಲ್ಲೇ, ಆದ್ದರಿಂದ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಯಾರನ್ನು ಕೇಳಬೇಕು? ಮೂವತ್ತಕ್ಕಿಂತ ಕಡಿಮೆ ಅನ್ನಿಸುವ ಎಲ್ಲರನ್ನೂ. 21ಕ್ಕೂ 30ಕ್ಕೂ ಏನು ಸಂಬಂಧ ಎಂದು ಕೇಳಬಹುದು. ಹತ್ತೊಂಬತ್ತಕ್ಕೂ ಇಪ್ಪತ್ತೆರಡಕ್ಕೂ ಮುಖ ನೋಡಿ ವ್ಯತ್ಯಾಸ ಹೇಳಲು ಯಾರಿಂದಲೂ ಆಗುವುದಿಲ್ಲ. ಹತ್ತೊಂಬತ್ತಕ್ಕೂ ಮೂವತ್ತಕ್ಕೂ ಹೇಳಬಹುದು. ಬ್ರಿಟನ್ನಿನ ಅಂಗಡಿಗಳು ಇದೇ ಲೆಕ್ಕದಲ್ಲಿ 18ರ ಕಾನೂನಿಗೆ 25ರ ಗೆರೆ ಎಳೆದುಕೊಂಡಿವೆ. ಗೆರೆ ಎಲ್ಲರಿಗೂ ಒಂದೇ ಆಗಿದ್ದರೆ "ನನ್ನ ಮೇಲೆ ಯಾಕೆ ಅನುಮಾನ?" ಎಂಬ ಮಾತೂ ಏಳುವುದಿಲ್ಲ.

ಕೇಳುವ ರೀತಿ ಮುಖ್ಯ. "ವಯಸ್ಸೆಷ್ಟು?" ಎಂಬ ಪ್ರಶ್ನೆಯನ್ನೇ ಬಿಟ್ಟುಬಿಡಿ, ಅದಕ್ಕೆ ಉತ್ತರ ಎಲ್ಲರ ಬಾಯಲ್ಲೂ ರೆಡಿ ಇರುತ್ತದೆ. "ಕಾರ್ಡ್ ತೋರ್ಸಪ್ಪ, ಎಲ್ಲರ ಹತ್ರನೂ ನೋಡ್ತೀವಿ" ಎಂದರೆ ಸಾಕು. ಪ್ಯಾಕನ್ನು ಶೆಲ್ಫಿನಿಂದ ತೆಗೆಯುವ ಮೊದಲೇ ಕೇಳಿ. ದುಡ್ಡು ತಗೊಂಡ ಮೇಲೆ, ಪ್ಯಾಕ್ ಗಲ್ಲಾದ ಮೇಲೆ ಇಟ್ಟ ಮೇಲೆ ಕೇಳಿದರೆ ವಾಪಸ್ ಎಳೆದುಕೊಳ್ಳುವುದು ಕಷ್ಟ. ಅಲ್ಲಿಂದಲೇ ಜಗಳ ಶುರು.

ಯಾವ ಕಾರ್ಡು? ನನ್ನ ಮೊದಲ ಆಯ್ಕೆ ಡಿಎಲ್. ಹುಟ್ಟಿದ ದಿನ ಪೂರ್ತಿ ಇರುತ್ತದೆ, ಫೋಟೊ ಇರುತ್ತದೆ. ಆದರೆ ಡಿಎಲ್ ಇದೆ ಎಂದ ಮಾತ್ರಕ್ಕೆ 21 ಆಗಿದೆ ಎಂದಲ್ಲ. ಗೇರಿನ ಬೈಕಿಗೆ 18ಕ್ಕೇ ಡಿಎಲ್ ಸಿಗುತ್ತದೆ, ಗೇರಿಲ್ಲದ ಸಣ್ಣ ಗಾಡಿಗೆ 16ಕ್ಕೇ. "ಡಿಎಲ್ ಇದೆ ನೋಡಣ್ಣ" ಎಂದು ದೂರದಿಂದ ಬೀಸಿ ಜೇಬಿಗೆ ಇಟ್ಟುಕೊಳ್ಳುವವರಿದ್ದಾರೆ. ಕೈಗೆ ತಗೊಂಡು ತಾರೀಕು ಓದಿ. ವೋಟರ್ ಐಡಿಯದ್ದೂ ಇದೇ ಕತೆ, ಅದು ಸಿಗುವುದು 18ಕ್ಕೆ. ಅಪ್ರಾಪ್ತರಿಗೆ ಕೊಡುವ ಪ್ಯಾನ್ ಕಾರ್ಡಿನಲ್ಲಿ ಫೋಟೊ ಇರುವುದಿಲ್ಲ. ಫೋಟೊ ಇಲ್ಲದ ಪ್ಯಾನ್ ಕಂಡರೆ ಮುಂದೆ ಓದುವುದೇ ಬೇಡ.

ಆಧಾರ್ ಎಲ್ಲರ ಬಳಿ ಇರುತ್ತದೆ. ಕೆಲವು ಹಳೇ ಕಾರ್ಡುಗಳಲ್ಲಿ ಹುಟ್ಟಿದ ವರ್ಷ ಮಾತ್ರ ಇರುತ್ತದೆ, ತಾರೀಕು, ತಿಂಗಳು ಇರುವುದಿಲ್ಲ. ಆಗ ಗಿರಾಕಿ ಆ ವರ್ಷದ ಡಿಸೆಂಬರ್ 31ರಂದು ಹುಟ್ಟಿದ್ದು ಎಂದೇ ಲೆಕ್ಕ ಹಾಕಿ. ಜೆರಾಕ್ಸ್ ಬೇಡ. ಗ್ಯಾಲರಿಯಿಂದ ತೆಗೆದು ತೋರಿಸುವ ಫೋಟೊ ಅಂತೂ ಬೇಡವೇ ಬೇಡ. ಫೋನಿನಲ್ಲಿ ಒಂದು ಅಂಕಿ ತಿದ್ದಲು ಎಷ್ಟು ಹೊತ್ತು ಬೇಕು ಹೇಳಿ? ಡಿಜಿಲಾಕರ್ ಆದರೆ ನಿಮ್ಮ ಕಣ್ಣೆದುರೇ ಆ್ಯಪ್ ತೆರೆದು ತೋರಿಸಲಿ.

ಇನ್ನು ಲೆಕ್ಕ. ಹೆಚ್ಚಿನವರು ವರ್ಷದಿಂದ ವರ್ಷ ಕಳೆದು ಮುಗಿಸುತ್ತಾರೆ. 2026ರಲ್ಲಿ 2005 ಕಳೆದರೆ 21, ಕೊಟ್ಟುಬಿಡು. ಆದರೆ 2005ರ ನವೆಂಬರ್‌ನಲ್ಲಿ ಹುಟ್ಟಿದವನಿಗೆ 2026ರ ಮಾರ್ಚ್‌ನಲ್ಲಿ ಇನ್ನೂ ಇಪ್ಪತ್ತೇ. ಗಿರಾಕಿಗಳು ಸಾಲಾಗಿ ನಿಂತಿರುವಾಗ ಮನಸ್ಸಿನಲ್ಲಿ ಕಳೆಯಲು ಹೋದರೆ ತಪ್ಪೇ ಆಗುವುದು. ಅದಕ್ಕೇ ಕಳೆಯುವುದನ್ನೇ ಬಿಡಿ. ಬೆಳಿಗ್ಗೆ ಅಂಗಡಿ ತೆರೆದಾಗ ಒಂದು ಚೀಟಿಯಲ್ಲಿ ಇವತ್ತಿನ ತಾರೀಕು, ತಿಂಗಳು ಬರೆದು, ವರ್ಷದ ಜಾಗದಲ್ಲಿ 21 ವರ್ಷ ಹಿಂದಿನದು ಹಾಕಿ. 2026ರ ಮಾರ್ಚ್ 10 ಎಂದುಕೊಳ್ಳಿ, ಚೀಟಿಯಲ್ಲಿ 10-3-2005 ಎಂದಿರುತ್ತದೆ. ಗಲ್ಲಾದ ನಿಮ್ಮ ಕಡೆಗೆ ಅಂಟಿಸಿ. ಕಾರ್ಡಿನ ತಾರೀಕು ಚೀಟಿಯದ್ದೇ ಆಗಿದ್ದರೆ ಅಥವಾ ಅದಕ್ಕೆ ಮುಂಚಿನದಾಗಿದ್ದರೆ ಸರಿ, ಒಂದೇ ದಿನ ಆಚೆಗಿದ್ದರೂ ಇಲ್ಲ. ವಯಸ್ಸು ಲೆಕ್ಕ ಹಾಕುವ ಫೋನ್ ಆ್ಯಪ್‌ಗಳ ಸಹವಾಸ ಬೇಡ. ಒಂದು ತಾರೀಕು ಹಾಕಲು ಮೂರು ಜಾಹೀರಾತು ನೋಡಬೇಕು, ಅಷ್ಟರಲ್ಲಿ ಗಿರಾಕಿ ಪಕ್ಕದ ಅಂಗಡಿಗೆ ಹೋಗಿರುತ್ತಾರೆ.

ಅಣ್ಣನ ಕಾರ್ಡು ತಮ್ಮ ತರುವುದು ಮಾಮೂಲು. ಫೋಟೊದಲ್ಲಿ ಗಡ್ಡ, ಕೂದಲು ನೋಡಬೇಡಿ, ಅವು ಬದಲಾಗುತ್ತವೆ. ಕಿವಿ, ಮೂಗು ನೋಡಿ. ಆಮೇಲೂ ಅನುಮಾನ ಇದ್ದರೆ ಸುಮ್ನೆ ಮಾತಿಗೆ ಎಳೆದು "ಎಸ್ಸೆಸ್ಸೆಲ್ಸಿ ಯಾವ ವರ್ಷ ಆಯ್ತು?" ಎಂದು ಕೇಳಿ. ಹುಟ್ಟಿದ ದಿನವನ್ನು ಬಾಯಿಪಾಠ ಮಾಡಿಕೊಂಡು ಬಂದವರು ಇದಕ್ಕೆ ತಡಬಡಾಯಿಸುತ್ತಾರೆ. ಸಾಮಾನ್ಯವಾಗಿ ಹದಿನೈದು, ಹದಿನಾರಕ್ಕೆ ಎಸ್ಸೆಸ್ಸೆಲ್ಸಿ ಮುಗಿಯುತ್ತದೆ. 2021ರಲ್ಲಿ ಕೊರೊನಾ ಕಾರಣಕ್ಕೆ ಪರೀಕ್ಷೆ ಎರಡೇ ದಿನ, ಅದೂ ಬರೀ ಗುರುತು ಹಾಕುವ ಪ್ರಶ್ನೆಗಳು. ಬರೆದವರು ಯಾರೂ ಅದನ್ನು ಮರೆತಿಲ್ಲ. 2005ರಲ್ಲಿ ಹುಟ್ಟಿದ ಬಹಳಷ್ಟು ಮಂದಿ ಅದೇ ಬ್ಯಾಚು, ಅಂದರೆ 2026ರಲ್ಲಿ ಸರಿಯಾಗಿ ಗೆರೆಯ ಮೇಲೆ ನಿಂತವರು. ಆದರೆ ಈ ಪ್ರಶ್ನೆ ಅನುಮಾನ ಪರಿಹಾರಕ್ಕೆ ಮಾತ್ರ. ಕಾರ್ಡಿನ ಬದಲಿಗೆ ಅಲ್ಲ.

ಹಂತ 5: ಇಲ್ಲ ಎನ್ನುವುದು

ಎರಡು ಥರದ ಜನ ಇಲ್ಲಿ ಎಡವುತ್ತಾರೆ. ಒಬ್ಬರು ಮುಖ ಕೆಡುತ್ತದೆ ಎಂದು ಕೊಟ್ಟುಬಿಡುತ್ತಾರೆ. ಇನ್ನೊಬ್ಬರು ಶ್ವಾಸಕೋಶ, ಅಪ್ಪ-ಅಮ್ಮನ ಕಷ್ಟ ಎಂದು ಪ್ರವಚನ ಶುರು ಮಾಡುತ್ತಾರೆ. ಎರಡೂ ಬೇಡ. "ಕಾರ್ಡ್ ಇಲ್ದೆ ಕೊಡಕ್ಕಾಗಲ್ಲ ತಮ್ಮಾ, ನನ್ನ ಮೇಲೆ ಕೇಸ್ ಆಗುತ್ತೆ" ಎಂದು ಒಂದೇ ಸಲ ಹೇಳಿ ಮುಂದಿನ ಗಿರಾಕಿಯ ಕಡೆ ತಿರುಗಿ. ಎರಡನೇ ಸಲ ಕಾರಣ ಕೊಟ್ಟಿರೋ, ಚೌಕಾಸಿ ಶುರುವಾಯಿತು ಅಂತಲೇ ಲೆಕ್ಕ.

ನಿಜವಾದ ಪರೀಕ್ಷೆ ಅಪ್ಪ ಕಳಿಸಿದ ಹುಡುಗನದ್ದು. ಹತ್ತು ವರ್ಷದ ಮಗು ಬಂದು "ಅಪ್ಪಂಗೆ ಒಂದ್ ಪ್ಯಾಕ್ ಬೇಕಂತೆ" ಎನ್ನುತ್ತದೆ. ಮಗು ಗೊತ್ತು, ಅಪ್ಪನೂ ಗೊತ್ತು, ತಿಂಗಳ ಲೆಕ್ಕದ ಗಿರಾಕಿ ಬೇರೆ. ಸೇದುವುದು ಯಾರು ಎಂಬುದು ಕಾನೂನಿಗೆ ಬೇಕಿಲ್ಲ. ಯಾರ ಕೈಗೆ ಕೊಟ್ಟಿರಿ ಎಂಬುದಷ್ಟೇ ಬೇಕು. ಕೋಟ್ಪಾ ದಂಡ ಸಾವಿರ ರೂಪಾಯಿವರೆಗೆ ಅಷ್ಟೇ ಅಲ್ವಾ ಎಂದು ಹಗುರವಾಗಿ ತೆಗೆದುಕೊಳ್ಳುವವರು 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಓದಿರುವುದಿಲ್ಲ. 18 ತುಂಬದ ಮಗುವಿಗೆ ವೈದ್ಯರ ಆದೇಶವಿಲ್ಲದೆ ಮದ್ಯ, ತಂಬಾಕು, ಮಾದಕ ವಸ್ತು ಕೊಟ್ಟರೆ ಅಥವಾ ಕೊಡಿಸಿದರೆ ಏಳು ವರ್ಷದವರೆಗೆ ಕಠಿಣ ಜೈಲು, ಒಂದು ಲಕ್ಷದವರೆಗೆ ದಂಡ. "ಕೊಡಿಸಿದರೆ" ಎಂಬಲ್ಲಿ ಕಳಿಸಿದ ಅಪ್ಪನೂ ಸಿಕ್ಕಿಕೊಳ್ಳಬಹುದು. ಮಗುವಿಗೆ ಬೈಯಬೇಡಿ, ಅದರ ತಪ್ಪೇನಿಲ್ಲ. "ಅಪ್ಪಂಗೇ ಬರೋಕೆ ಹೇಳು ಪುಟ್ಟಾ" ಎಂದು ಕಳಿಸಿ. ಅಪ್ಪ ಬಂದಾಗ ಈ ಸೆಕ್ಷನ್ನನ್ನು ನಗುನಗುತ್ತಲೇ ಹೇಳಿ. ಹೆಚ್ಚಿನವರು ಮತ್ತೆ ಮಗುವನ್ನು ಕಳಿಸುವುದಿಲ್ಲ.

ಐದು ಜನ ಹುಡುಗರು ದೂರ ನಿಂತು ಒಬ್ಬನನ್ನು ಕಳಿಸಿದರೆ? ಬಂದವನಿಗೆ 22 ಇರಬಹುದು, ಕಾರ್ಡೂ ಸರಿ ಇರಬಹುದು. ದುಡ್ಡು ಒಟ್ಟು ಮಾಡಿದ್ದು, ಯಾವುದು ಬೇಕೆಂದು ದೂರದಿಂದ ಸನ್ನೆ ಮಾಡಿದ್ದು ನಿಮ್ಮ ಕಣ್ಣಿಗೆ ಬಿದ್ದಿದ್ದರೆ ಕೊಡಬೇಡಿ. ಇಂಥಲ್ಲಿ ಒಂದು ಮಾರಾಟ ತಪ್ಪಿದರೂ ಪರವಾಗಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಂತ 6: ಬರೆದಿಡಿ

ಆಸಿಡ್ ಬಿಟ್ಟರೆ ಇದನ್ನು ಯಾವ ಕಾನೂನೂ ಕೇಳುವುದಿಲ್ಲ, ಆದರೂ ಮಾಡಿ. ಒಂದು ನೂರು ಪುಟದ ನೋಟ್‌ಬುಕ್ ಸಾಕು. ತಾರೀಕು, ಹೊತ್ತು, ಏನು ಕೇಳಿದರು, ಯಾಕೆ ಕೊಡಲಿಲ್ಲ, ಗಲ್ಲಾದಲ್ಲಿ ಯಾರಿದ್ದರು. ಹೆಸರು, ಆಧಾರ್ ನಂಬರ್ ಬರೆದುಕೊಳ್ಳಬೇಡಿ, ಕಾರ್ಡಿನ ಫೋಟೊ ತೆಗೆದುಕೊಳ್ಳಲೇಬೇಡಿ. ಅದರಿಂದ ಬೇರೆಯೇ ತಲೆನೋವು. ಅಧಿಕಾರಿಗಳು ಬಂದಾಗ "ಕೇಳ್ತೀವಿ ಸಾರ್" ಎನ್ನುವ ಬದಲು ಪುಸ್ತಕ ಮುಂದಿಡಬಹುದು. ಸಂಬಳಕ್ಕೆ ಹುಡುಗರನ್ನು ಇಟ್ಟುಕೊಂಡಿದ್ದರೆ ಇದು ಇನ್ನೂ ಉಪಯೋಗ. ಹದಿನೈದು ದಿನ ಪುಸ್ತಕದಲ್ಲಿ ಒಂದೂ ಸಾಲು ಬಿದ್ದಿಲ್ಲ ಎಂದರೆ ನಿಮ್ಮ ಬೆನ್ನ ಹಿಂದೆ ಯಾರೂ ಕಾರ್ಡ್ ಕೇಳುತ್ತಿಲ್ಲ ಎಂದೇ ಅರ್ಥ.

ಮನೆಗೆ ತಲುಪಿಸುವವರು ಇದೇ ಕೆಲಸವನ್ನು ಬಾಗಿಲಲ್ಲಿ ಮಾಡಬೇಕು. ಫೋನಿನಲ್ಲಿ "ನನಗೆ ವಯಸ್ಸಾಗಿದೆ" ಎಂದು ಟಿಕ್ ಹಾಕಿದ್ದು ಲೆಕ್ಕಕ್ಕಿಲ್ಲ, ಹತ್ತು ವರ್ಷದ ಮಗುವೂ ಟಿಕ್ ಹಾಕುತ್ತದೆ. ಬಾಗಿಲು ತೆರೆದವರು ಚಿಕ್ಕವರಾಗಿದ್ದರೆ ದೊಡ್ಡವರನ್ನು ಕರೆಯಲು ಹೇಳಿ. ದೊಡ್ಡವರು ಇಲ್ಲದಿದ್ದರೆ ಸಾಮಾನು ವಾಪಸ್.